ಲಾಟೀನು ಆರಿಸಿದವಳು

ತಮ್ಮ ಹೇಳುತ್ತಿರುವುದು ಹಸಿ ಸುಳ್ಳು ಎಂದು ಅಕ್ಕನಿಗೆ ಗೊತ್ತಾದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ಹೇಗೂ ನೀರಿತ್ತು. ಹಾಗಾಗಿ ಪಕ್ಕದಲ್ಲೇ ಇದ್ದ ಮಗಳಿಗೆ ಏನೂ ತಿಳಿಯಲಿಲ್ಲ.

ಮಗಳು ಅಡುಗೆಮನೆಯ ಕಟ್ಟೆ ಹತ್ತಿ ಕೂತು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು ಮಾವನ ಹೊಸ ವಿಡಿಯೊ ನೋಡುತ್ತಿದ್ದಳು. ಕಾಲೇಜಿಗೆ ಕಾಲಿಡುವ ವಯಸ್ಸಿನ ಹುಡುಗಿಗೆ ಮನೆಯವರು ಯಾರೂ ಹಿಡಿಸುವುದಿಲ್ಲ ಅನ್ನುತ್ತಾರೆ. ಆದರೆ ಈ ಮಾವ ಎಂದರೆ ಅವಳಿಗೆ ಪ್ರಾಣ. ಗೆಳತಿಯರ ಮುಂದೆ "ಗೇಮಣ್ಣ ನಮ್ಮ ಸ್ವಂತ ಮಾವ" ಎಂದು ಹೇಳಿಕೊಳ್ಳುವಾಗ ಅವಳ ಕುತ್ತಿಗೆ ತಾನಾಗಿಯೇ ಒಂದಿಷ್ಟು ಉದ್ದವಾಗುತ್ತಿತ್ತು.

ಗೇಮಣ್ಣ ಎನ್ನುವುದು ಜನ ಇಟ್ಟ ಹೆಸರು. ತಮ್ಮ ಮೊದಲು ಯಾವುದೋ ಆಫೀಸಿನಲ್ಲಿ ಕೂತು ಕಂಪ್ಯೂಟರ್ ಕುಟ್ಟುತ್ತಿದ್ದವನು. ಅದು ಬೇಜಾರಾಗಿ ಹಳೇ ವಿಡಿಯೊ ಗೇಮ್‌ಗಳ ಬಗ್ಗೆ ಚಾನೆಲ್ ಶುರುಮಾಡಿದ. ಹಿಂದೆ ಗೋಡೆ ತುಂಬ ಹಳೇ ಮೆಷಿನ್ನುಗಳು, ಬಣ್ಣಗೆಟ್ಟ ರಿಮೋಟುಗಳು, ಸಾಲಾಗಿ ಜೋಡಿಸಿದ ಕ್ಯಾಸೆಟ್ಟುಗಳು. ಪ್ರತಿ ಸಲವೂ ಒಂದು ಕ್ಯಾಸೆಟ್ಟು ಎತ್ತಿಕೊಂಡು, ನಾವೆಲ್ಲ ಚಿಕ್ಕವರಿದ್ದಾಗ ಮಾಡುತ್ತಿದ್ದ ಹಾಗೆ ಅದರ ಬುಡಕ್ಕೆ ಉಫ್ ಎಂದು ಊದಿ, ಮೆಷಿನ್ನಿಗೆ ತುರುಕಿ ಕತೆ ಶುರುಮಾಡುತ್ತಾನೆ. ಬೊಜ್ಜು ಬಂದ, ತಲೆಗೂದಲು ಹೋದ ಗಂಡಸರೆಲ್ಲ ಕೆಳಗೆ "ಅಣ್ಣಾ, ಅಳು ಬಂತು" ಎಂದು ಬರೆಯುತ್ತಾರೆ. ಅಕ್ಕನಿಗೂ ಅದರಲ್ಲಿ ಹೆಮ್ಮೆಯೇ ಇತ್ತು. ಆ ಸಂಜೆಯ ತನಕ.

"ಫ್ರೆಂಡ್ಸ್, ಇವತ್ತು ನನ್ನ ಜೀವನದ ಅತೀ ದೊಡ್ಡ ಗೆಲುವಿನ ಕತೆ," ಎಂದ ತಮ್ಮ ಫೋನಿನೊಳಗಿಂದ. "ಲಾಟೀನ್ ಕುಳ್ಳ! ಯಾರ್ಯಾರಿಗೆ ನೆನಪಿದೆ, ಕೈ ಎತ್ತಿ!"

ಅಕ್ಕನ ಕೈಯಲ್ಲಿದ್ದ ಚಾಕು ನಿಂತಿತು. ಲಾಟೀನ್ ಕುಳ್ಳ! ಆ ಆಟದ ನಿಜವಾದ ಹೆಸರು ಬೇರೆ. ಅದು ಯಾವ ಭಾಷೆಯೋ ಏನೋ ಇವರಿಗೆ ಓದಲು ಬರುತ್ತಿರಲಿಲ್ಲ. ಗಿಡ್ಡ ಮನುಷ್ಯನೊಬ್ಬ ಕೈಯಲ್ಲಿ ಲಾಟೀನು ಹಿಡಿದು ಗಣಿಯೊಳಗೆ ಇಳಿಯುತ್ತಾನೆ. ಹಳ್ಳ ಹಾರಬೇಕು, ಬಾವಲಿ ತಪ್ಪಿಸಬೇಕು, ಎಣ್ಣೆ ಮುಗಿಯುವುದರೊಳಗೆ ತಳ ಮುಟ್ಟಬೇಕು. ತಳದಲ್ಲಿ ಒಂದು ದೈತ್ಯ ಜೇಡ. ಅದನ್ನು ದಾಟಿದವರು ಅವರ ಬೀದಿಯಲ್ಲಿ ಯಾರೂ ಇರಲಿಲ್ಲ.

"ನಂಗೆ ಆವತ್ತು ಮೈ ಸುಡೋ ಜ್ವರ," ತಮ್ಮ ಹೇಳುತ್ತಿದ್ದ. "ಆದ್ರೂ ಎದ್ದು ಕೂತೆ. ಜೇಡಕ್ಕೆ ಎಷ್ಟು ಕಲ್ಲು ಹೊಡೆದ್ರೂ ಸಾಯ್ತಿಲ್ಲ. ಆಗ ತಲೆಗೆ ಹೊಳೀತು ನೋಡಿ. ಎರಡೂ ಬಟನ್ ಒಟ್ಟಿಗೆ ಒತ್ತಿ ಲಾಟೀನೇ ಆರಿಸ್ಬಿಟ್ಟೆ! ಸ್ಕ್ರೀನೆಲ್ಲ ಕತ್ತಲು. ಜೇಡಕ್ಕೆ ನಾನು ಕಾಣ್ಸಲ್ಲ! ಕತ್ತಲಲ್ಲೇ ಮೆಲ್ಲಗೆ ನಡ್ಕೊಂಡು ಹೋದೆ. ಆಮೇಲೆ ಬಂತಲ್ಲ ಆ ಹಾಡು..." ಅವನು ಕಣ್ಣು ಮುಚ್ಚಿ ಆ ಹಾಡು ಗುನುಗಿದ. "ಹಿಂದಿಂದ ಚಪ್ಪಾಳೆ. ತಿರುಗಿ ನೋಡ್ತೀನಿ, ಅಪ್ಪ!"

ಕ್ಯಾಮೆರಾ ಪಕ್ಕಕ್ಕೆ ತಿರುಗಿತು. ತಮ್ಮನ ಮನೆಯಲ್ಲೇ ಇರುವ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಹೌದು ಹೌದು," ಎಂದರು ನಾಚಿಕೊಂಡು. "ಜೋರಾಗಿ ಚಪ್ಪಾಳೆ ತಟ್ಟಿದ್ದೆ."

"ನಮ್ಮಕ್ಕ ಪಕ್ಕದಲ್ಲೇ ಬಾಯಿ ಬಿಟ್ಕೊಂಡು ನೋಡ್ತಿದ್ಲು. ಆಮೇಲೆ ಅವಳಿಗೂ ನಾನೇ ಕಲಿಸಿಕೊಟ್ಟೆ, ಪಾಪ."

ಮಗಳು ಕಿಸಕ್ಕನೆ ನಕ್ಕು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಬಾಯಿ ಬಿಟ್ಕೊಂಡು ನೋಡ್ತಿದ್ಯಂತೆ!"

ಅಕ್ಕ ಚಾಕು ಕೆಳಗಿಟ್ಟಳು. "ಅದು ಅವನಲ್ಲ," ಎಂದಳು. "ಆಡಿದ್ದು ನಾನು."

"ಏನು?"

"ಲಾಟೀನು ಆರಿಸಿದ್ದು ನಾನು. ಅವನು ಒಳಗೆ ಮಲಗಿದ್ದ."

ಮಗಳು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಅಮ್ಮ ತಮಾಷೆ ಮಾಡುತ್ತಿದ್ದಾಳೋ ಇಲ್ಲವೋ ಎಂದು ಅಳೆಯುವ ನೋಟ. "ನೀನಾ? ಅಮ್ಮಾ, ನಿಂಗೆ ಫೋನಲ್ಲಿ ಅಲಾರಂ ಇಡೋಕೇ ನಾನು ಬೇಕು!" ಎಂದು ನಗುತ್ತಾ ಕಟ್ಟೆಯಿಂದ ಇಳಿದು ಹೊರಟೇಹೋದಳು.

ಆವತ್ತು ನಿಜವಾಗಿ ಆದದ್ದು ಹೀಗೆ. ಅಪ್ಪ ಪೇಪರ್ ಅಚ್ಚುಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಹಗಲೆಲ್ಲ ನಿದ್ದೆ. ಅವರು ಮಲಗಿದ್ದಾಗ ಮನೆಯಲ್ಲಿ ಲೋಟ ಬಿದ್ದರೂ ತಪ್ಪು. ಈಗ ಇಲ್ಲದ ಅಮ್ಮ ಆಗ ಬಟ್ಟೆ ಕಾರ್ಖಾನೆಯಲ್ಲಿ ಹಗಲು ಪಾಳಿ. ವಿಡಿಯೊ ಗೇಮ್ ಸ್ವಂತದ್ದಲ್ಲ, ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ರಜೆ ಮುಗಿಯುವ ತನಕ ಆಡಿಕೊಳ್ಳಲಿ ಎಂದು ಕೊಟ್ಟದ್ದು. ಅಪ್ಪ ಹಾಕಿದ ಷರತ್ತು ಒಂದೇ: ಟೀವಿಯ ಸೌಂಡು ಪೂರ್ತಿ ಬಂದ್. ಹಾಗಾಗಿ ಆ ರಜೆಯಲ್ಲಿ ಅಕ್ಕ ತಮ್ಮ ಆಡಿದ ಆಟವೆಲ್ಲ ಮೂಕ ಆಟ. ಸೌಂಡನ್ನು ತಮ್ಮ ಬಾಯಿಯಲ್ಲಿ ಮಾಡುತ್ತಿದ್ದ, ಅದೂ ಪಿಸುಗುಟ್ಟಿಕೊಂಡು.

ಆಮೇಲೆ ತಮ್ಮನಿಗೆ ಜ್ವರ ಬಂತು. ಕೆಲಸಕ್ಕೆ ಹೊರಡುವ ಮುಂಚೆ ಅಮ್ಮ ಒಂದು ಬೋಗುಣಿಯಲ್ಲಿ ನೀರು, ಒಂದು ಬಟ್ಟೆ ಇಟ್ಟು, "ಹಣೆ ಮೇಲಿನ ಬಟ್ಟೆ ಒಣಗೋಕೆ ಬಿಡಬೇಡ" ಎಂದು ಹೇಳಿ ಹೋದಳು. ಅಕ್ಕ ಮಧ್ಯಾಹ್ನದ ತನಕ ಒದ್ದೆ ಬಟ್ಟೆ ಹಾಕಿದಳು. ತಮ್ಮನಿಗೆ ನಿದ್ದೆ ಹತ್ತಿತು. ಒಳಗೆ ಅಪ್ಪನ ಗೊರಕೆ. ಅವಳು ಹೊರಗೆ ಬಂದು ಟೀವಿ ಮುಂದೆ ಕೂತಳು. ಸ್ವಲ್ಪ ಹೊತ್ತು ಎಂದುಕೊಂಡೇ ಕೂತಳು. ಆದರೆ ಆವತ್ತು ಬೆರಳಿಗೆ ಏನಾಗಿತ್ತೋ, ಬಾವಲಿಗಳೆಲ್ಲ ತಾವಾಗಿಯೇ ದಾರಿ ಬಿಟ್ಟ ಹಾಗೆ ಒಂದಾದ ಮೇಲೊಂದು ಮಜಲು ದಾಟುತ್ತಾ ಹೋದಳು. ಜೇಡ ಬಂತು. ಕಲ್ಲು ಮುಗಿದವು. ಇನ್ನು ಸಾಯುವುದೇ ಎಂದು ಸಿಟ್ಟಿಗೆ ಎರಡೂ ಬಟನ್ ಅದುಮಿದಳು. ಟೀವಿ ಕಪ್ಪಾಯಿತು. ಮೊದಲು ಕರೆಂಟು ಹೋಯಿತು ಎಂದುಕೊಂಡಳು. ನೋಡಿದರೆ ಕತ್ತಲಲ್ಲಿ ಜೇಡದ ಕಣ್ಣುಗಳು ಮಾತ್ರ ಮಿಣುಕುತ್ತಾ ಅತ್ತಿತ್ತ ಹುಡುಕಾಡುತ್ತಿವೆ. ಅವಳು ಉಸಿರು ಬಿಗಿಹಿಡಿದು ಕುಳ್ಳನನ್ನು ನಡೆಸಿದಳು. ಆ ಕಡೆ ಒಂದು ಬಾಗಿಲು ತೆರೆಯಿತು. ಪರದೆಯ ತುಂಬ ಹಗಲು. ಬೆಟ್ಟ, ಮೋಡ, ಕುಳ್ಳನ ಊರಿನವರೆಲ್ಲ ಕೈ ಬೀಸುತ್ತಿದ್ದಾರೆ. ಒಂದು ಚೂರು ಸದ್ದಿಲ್ಲ. ಅವಳಿಗೆ ಕೂಗಬೇಕು ಅನಿಸಿತು. ಕೂಗುವ ಹಾಗಿಲ್ಲ. ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಕುಣಿದಳು.

ನೀರು ಕುಡಿಯಲು ಎದ್ದ ಅಪ್ಪ ಕಂಡದ್ದು ಅದನ್ನೇ. ತಮ್ಮನ ಹಣೆ ಮುಟ್ಟಿ ನೋಡಿದರು. ಬಟ್ಟೆ ಒಣಗಿ ಹಪ್ಪಳವಾಗಿತ್ತು. "ತಮ್ಮ ಜ್ವರದಲ್ಲಿ ಬಿದ್ದಿದ್ದಾನೆ, ನಿಂಗೆ ಕುಣಿತಾನಾ?" ಎಂದು ಕೆನ್ನೆಗೆ ಒಂದು ಬಿಟ್ಟರು. ತಂತಿ ಕಿತ್ತರು. ಸಂಜೆ ಕೆಲಸಕ್ಕೆ ಹೋಗುವಾಗ ಮೆಷಿನ್ನನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಕೊಟ್ಟವರಿಗೇ ವಾಪಸ್ ಕೊಟ್ಟುಬಂದರು. ರಜೆ ಇನ್ನೂ ಅರ್ಧ ಉಳಿದಿತ್ತು.

ಜ್ವರ ಇಳಿದು ಎದ್ದ ತಮ್ಮ ಮೆಷಿನ್ನಿಲ್ಲದ್ದು ನೋಡಿ ಅತ್ತ ಅಳು ಅಷ್ಟಿಷ್ಟಲ್ಲ. ಅವನನ್ನು ಸಮಾಧಾನ ಮಾಡಲು ಅಕ್ಕ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಜೇಡ, ಕತ್ತಲು, ಬಾಗಿಲು, ಬೆಟ್ಟ. ಅವನು ಕಣ್ಣರಳಿಸಿ ಕೇಳಿದ. ಮತ್ತೆ ಹೇಳು ಎಂದ. ಮತ್ತೆ ಹೇಳಿದಳು. ಸ್ಕೂಲು ಶುರುವಾದ ಮೇಲೆ ಒಂದು ದಿನ ಅಂಗಡಿ ಜಗುಲಿಯ ಮೇಲೆ ಹುಡುಗರೆಲ್ಲ ಅವನನ್ನು ಸುತ್ತುವರಿದಿದ್ದರು. "ಲಾಟೀನು ಆರಿಸ್ಬಿಟ್ಟೆ ಕಣ್ರೋ" ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಅಕ್ಕನನ್ನು ಕಂಡದ್ದೇ ಅವನ ಮುಖ ಸಣ್ಣಗಾಯಿತು. ಹೇಳ್ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ನನ್ನಿಂದ ತಾನೇ ಮೆಷಿನ್ ಹೋಯಿತು, ಇದಾದರೂ ಇವನಿಗೆ ಇರಲಿ ಎಂದುಕೊಂಡು ಅವಳು ಮಾತಾಡದೆ ಮುಂದೆ ನಡೆದಳು. ಹಾಗೆ ಕೊಟ್ಟದ್ದು ಅದು. ಕೊಡುವಾಗ ಪೂರ್ತಿಯಾಗಿ ಕೊಟ್ಟೆ ಎಂದು ಅವಳು ಅಂದುಕೊಂಡಿರಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಅವಳು ತಮ್ಮನಿಗೆ ಫೋನು ಮಾಡಿದಳು.

"ಅಕ್ಕಾ, ವಿಡಿಯೊ ನೋಡಿದ್ಯಾ? ಕಾಮೆಂಟ್ ನೋಡು, ಜನ ಹುಚ್ಚೆದ್ದುಹೋಗಿದ್ದಾರೆ!"

"ಆವತ್ತು ನೀನು ಮಲಗಿದ್ದೆ ಕಣೋ."

"ಎಲ್ಲಿ ಮಲಗಿದ್ದೆ? ಜ್ವರದಲ್ಲೇ ಎದ್ದು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಬಳಿ ಹೊದ್ಕೊಂಡಿದ್ದೆ."

"ಅದು ನಾನು ನಿಂಗೆ ಹೇಳಿದ್ದು. ಕಂಬಳಿ ನೀನು ಸೇರಿಸ್ಕೊಂಡಿದ್ದೀಯ."

ಆ ಕಡೆಯಿಂದ ದೊಡ್ಡ ನಗು. "ಸರಿ ಮಾರಾಯ್ತಿ, ನೀನೇ ಗೆದ್ದೆ! ಒಂದು ಕೆಲ್ಸ ಮಾಡು. ಮುಂದಿನ ತಿಂಗಳು ಹಾಲ್‌ನಲ್ಲಿ ನಮ್ಮ ಅಭಿಮಾನಿಗಳದ್ದೆಲ್ಲ ದೊಡ್ಡ ಶೋ ಇದೆ. ಬಾ, ಎಲ್ಲರ ಮುಂದೆ ಆಡಿ ತೋರ್ಸು. ಮಜಾ ಇರುತ್ತೆ."

"ಬರ್ತೀನಿ," ಎಂದಳು ಅಕ್ಕ. ಅವನು ಅದನ್ನು ನಿರೀಕ್ಷಿಸಿರಲಿಲ್ಲ ಎಂದು ಧ್ವನಿಯಲ್ಲೇ ಗೊತ್ತಾಯಿತು.

ಅಕ್ಕನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಾಯಿಸುತ್ತಾ "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?" ಎಂದು ಕೇಳುವುದು. ದಿನವಿಡೀ ಅದೇ ಪ್ರಶ್ನೆ. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಸಂಜೆಗಳೆಲ್ಲ ಅವಳವೇ. ಮಗಳು ಎಲ್ಲಿಂದಲೋ ಆ ಆಟವನ್ನು ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ತಾಯಿ ಏನೋ ಹಟಕ್ಕೆ ಬಿದ್ದಿದ್ದಾಳೆ, ನೋಡೇಬಿಡೋಣ ಎನ್ನುವ ಕುತೂಹಲ ಅವಳಿಗೆ.

ಮೊದಲ ದಿನ ಅಕ್ಕ ಮೊದಲ ಹಳ್ಳದಲ್ಲೇ ಬಿದ್ದಳು. ಬಿದ್ದು ಬಿದ್ದು ಏಳುತ್ತಿದ್ದಳು. ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಆಟದ ಗದ್ದಲ ಅಕ್ಕನ ಕಿವಿಗೆ ಹೊಸದು, ಅದರಿಂದ ಬೆರಳು ತಪ್ಪುತ್ತಿದ್ದವು. "ಸೌಂಡ್ ತೆಗಿ," ಎಂದಳು. ಸೌಂಡ್ ಹೋದದ್ದೇ ತಡ, ಕೈಗೆ ದಾರಿ ಗೊತ್ತಾಯಿತು. ಕಣ್ಣಿಗಿಂತ ಮುಂಚೆ ಹೆಬ್ಬೆರಳು ಹಾರುತ್ತಿತ್ತು. ಕೆಲವು ಸಂಜೆಗಳು ಕಳೆಯುವಷ್ಟರಲ್ಲಿ ಮಗಳ ನಗು ನಿಂತಿತ್ತು. ಲಾಟೀನು ಆರಿ, ಪರದೆ ಕಪ್ಪಾಗಿ, ಬಾಗಿಲು ತೆರೆದು ಬೆಟ್ಟ ಕಾಣಿಸಿದಾಗ ಮಗಳು ತಾಯಿಯ ಭುಜ ಹಿಡಿದು ಅಲ್ಲಾಡಿಸಿದಳು.

"ಅಮ್ಮಾ! ಯಾರು ನೀನು?"

ಬಹಳ ಕಾಲದಿಂದ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಅಕ್ಕನಿಗೆ ಕೆನ್ನೆ ಬಿಸಿಯಾಯಿತು. ಹೊಡೆತದ ವಿಷಯ, ಸೌಂಡಿಲ್ಲದ್ದು, ಎಲ್ಲವನ್ನೂ ಮಗಳು ಈಗ ತಾಯಿಯ ಬಾಯಿಂದಲೇ ಕೇಳಿದ್ದಳು. ಆದರೂ ಮಾವ ಸುಳ್ಳು ಹೇಳಿದ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. "ಇಬ್ರೂ ಆಡಿರ್ಬೇಕು ಬಿಡಮ್ಮ," ಎನ್ನುತ್ತಿದ್ದಳು. ಶೋ ಆಗಲಿ, ಆಮೇಲೆ ನೋಡೋಣ ಎಂದುಕೊಂಡಳು ಅಕ್ಕ.

ಹಾಲ್ ತುಂಬಿ ತುಳುಕುತ್ತಿತ್ತು. ಲಾಟೀನ್ ಕುಳ್ಳನ ಚಿತ್ರವಿದ್ದ ಟೀ ಶರ್ಟುಗಳು ಹೊಟ್ಟೆಗಳ ಮೇಲೆ ಬಿಗಿದುಕೊಂಡಿದ್ದವು. ಕೆಲವರು ಮಕ್ಕಳನ್ನು ಕರೆತಂದಿದ್ದರು; ಆ ಮಕ್ಕಳು ಬೇಜಾರಿನಿಂದ ಕುರ್ಚಿಗಳ ಕೆಳಗೆ ತೂರಿ ಓಡಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಅಪ್ಪ. ಪಕ್ಕದಲ್ಲಿ ಮಗಳು. ಬಂದವರೆಲ್ಲ ಅಪ್ಪನ ಕೈ ಕುಲುಕಿ, "ನಿಮ್ಮಂಥ ಅಪ್ಪ ಎಲ್ಲರಿಗೂ ಸಿಗಲ್ಲ ಸಾರ್, ನಮ್ಮಪ್ಪ ಆಗಿದ್ರೆ ಬೆಲ್ಟ್ ತೆಗೀತಿದ್ರು" ಎನ್ನುತ್ತಿದ್ದರು. ಅಪ್ಪ ತಲೆ ಆಡಿಸುತ್ತಿದ್ದರು.

"ಈಗ ನಿಮ್ಮ ಮುಂದೆ, ನನ್ನ ಬಾಲ್ಯದ ಪಾರ್ಟ್‌ನರ್," ತಮ್ಮ ಕೂಗಿದ, "ನಮ್ಮಕ್ಕ!"

ಅಕ್ಕ ವೇದಿಕೆ ಹತ್ತಿ ಕೂತಳು. ಸೌಂಡ್ ಕಡಿಮೆ ಮಾಡಿ ಎಂದು ಕೇಳಿದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಆಡಿದಳು. ಹಳ್ಳ, ಬಾವಲಿ, ಉರುಳುವ ಬಂಡೆ. ಮೊದಲು ಜನ ಅಕ್ಕಾ ಅಕ್ಕಾ ಎಂದು ಹುರಿದುಂಬಿಸುತ್ತಿದ್ದವರು ಬರುಬರುತ್ತಾ ಮಾತು ನಿಲ್ಲಿಸಿದರು. ಜೇಡ ಬಂತು. ಅವಳು ಲಾಟೀನು ಆರಿಸಿದಾಗ ಆ ದೊಡ್ಡ ಪರದೆಯ ಜೊತೆ ಇಡೀ ಹಾಲ್ ಕತ್ತಲಾಯಿತು. ಯಾರೋ "ಅಯ್ಯಯ್ಯೋ" ಎಂದರು. ಅವಳು ನಡೆದಳು. ಬಾಗಿಲು ತೆರೆಯಿತು. ಬೆಟ್ಟ, ಮೋಡ, ಕೈ ಬೀಸುವ ಜನ. ಅದರ ಜೊತೆಗೇ ಸ್ಪೀಕರುಗಳಿಂದ ಹಾಡು ಅಪ್ಪಳಿಸಿತು. ತುತ್ತೂರಿ, ಗಂಟೆ, ಡೋಲು. ಆಟದೊಳಗಿಂದ ಆ ಹಾಡು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ಜನ ಎದ್ದು ನಿಂತಿದ್ದರು. ಆಯ್ತು, ಈಗಾದರೂ ಆಯ್ತು ಎಂದುಕೊಂಡಳು ಅಕ್ಕ. ಅಷ್ಟರಲ್ಲಿ ತಮ್ಮ ಓಡಿಬಂದು ಅವಳನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳ ಕೈಯನ್ನು ಮೇಲೆತ್ತಿ ಹಿಡಿದು ಮೈಕಿಗೆ ಕೂಗಿದ:

"ನೋಡಿದ್ರಾ! ನಾನು ಕಲಿಸಿದ್ದನ್ನ ಇನ್ನೂ ಒಂಚೂರೂ ಮರೆತಿಲ್ಲ ನಮ್ಮಕ್ಕ!"

ಚಪ್ಪಾಳೆಯ ಭೋರ್ಗರೆತ. ಅಕ್ಕ ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಹಾಲ್ ಸುಮ್ಮನಾಯಿತು. ಮಾತನ್ನು ಅವಳು ಯೋಚಿಸಿಟ್ಟುಕೊಂಡಿರಲಿಲ್ಲ.

"ಇವನು ಕಲಿಸಿದ್ದಲ್ಲ," ಎಂದಳು. "ಆವತ್ತು ಇವನು ಮಲಗಿದ್ದ. ಆಡಿ ಗೆದ್ದಿದ್ದು ನಾನು. ನಮ್ಮಪ್ಪ ತಟ್ಟಿದ್ದು ಚಪ್ಪಾಳೆ ಅಲ್ಲ, ನನ್ನ ಕೆನ್ನೆಗೆ ತಟ್ಟಿದ್ರು."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಯಾರೋ ಶಿಳ್ಳೆ ಹೊಡೆದರು. "ಸೂಪರ್ ಅಕ್ಕಾ!" ಎಂದರು. ತಮ್ಮ ಕೆನ್ನೆ ಹಿಡಿದುಕೊಂಡು ಅಪ್ಪನ ಕಡೆ ನೋಡಿ ಹೆದರಿದವನಂತೆ ನಟಿಸಿದ. ಇನ್ನಷ್ಟು ನಗು. "ಈಗ ಗೊತ್ತಾಯ್ತಾ, ನಮ್ಮನೇಲಿ ಮಾತಿನ ಮಲ್ಲಿ ಯಾರು ಅಂತ?" ಎಂದು ಮೈಕನ್ನು ನವಿರಾಗಿ ವಾಪಸ್ ತೆಗೆದುಕೊಂಡ. ಅಪ್ಪನೂ ನಗುತ್ತಿದ್ದರು. ಎಲ್ಲರಿಗಿಂತ ಸ್ವಲ್ಪ ತಡವಾಗಿ ಶುರುಮಾಡಿದ ನಗು.

ವೇದಿಕೆಯ ಹಿಂದೆ ಕುರ್ಚಿ ಪೇರಿಸಿಟ್ಟ ಸಣ್ಣ ಕೋಣೆಯಿತ್ತು. ಅಕ್ಕ ತಮ್ಮನನ್ನು ತೋಳು ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದಳು.

"ಆವತ್ತು ಸೌಂಡೇ ಇರ್ಲಿಲ್ಲ ಕಣೋ. ನೀನು ವಿಡಿಯೊದಲ್ಲಿ ಹಾಡು ಗುನುಗ್ತೀಯ. ಎಲ್ಲಿ ಕೇಳಿದ್ದೆ ಆ ಹಾಡನ್ನ?"

ತಮ್ಮ ಬೆವರು ಒರೆಸಿಕೊಂಡ. "ಅಕ್ಕಾ, ಸೌಂಡಿಲ್ಲದ ಕತೇನ ಜನ ಕೇಳ್ತಾರಾ?"

"ಹಾಗಾದ್ರೆ ನಿಂಗೆ ಗೊತ್ತು."

"ನಿಜ ಹೇಳ್ಲಾ? ನಂಗೆ ಗೊತ್ತಿಲ್ಲ." ಅವನು ಪೇರಿಸಿದ ಕುರ್ಚಿಗೆ ಒರಗಿದ. "ನೀನು ಹೇಳಿದ್ದು ಅನ್ನೋದೂ ಎಲ್ಲೋ ನೆನಪಿದೆ. ನಾನು ಆಡಿದ್ದೂ ನೆನಪಿದೆ. ಎಷ್ಟು ಜನಕ್ಕೆ ಹೇಳಿದ್ದೀನಿ ಅಂದ್ರೆ, ಈಗ ಅದು ನನ್ ಕೈಯಲ್ಲೇ ಕೂತುಬಿಟ್ಟಿದೆ. ಇಷ್ಟಕ್ಕೂ ಏನೀಗ? ಒಂದು ಆಟ ತಾನೇ?"

"ಆಟ ತಾನೇ ಅಂದ್ರೆ ವಾಪಸ್ ಕೊಟ್ಬಿಡು."

ಅವನು ಬಾಯಿ ತೆರೆದ. ಹೊರಗಿನಿಂದ "ಗೇಮಣ್ಣ, ಗೇಮಣ್ಣ" ಎಂಬ ಕೂಗು ಬಂತು. "ಬಂದೆ ಅಕ್ಕಾ, ಒಂದೇ ನಿಮಿಷ," ಎಂದು ಹೋದವನು ತಿರುಗಿ ಬರಲಿಲ್ಲ.

ಅಪ್ಪನನ್ನು ಮನೆಗೆ ಬಿಡುವ ಕೆಲಸ ಅಕ್ಕನಿಗೇ ಬಿತ್ತು. ಆಟೊದಲ್ಲಿ ಮಗಳು ಡ್ರೈವರನ ಪಕ್ಕ ಕೂತಿದ್ದಳು. ಇಂಜಿನ್ನಿನ ಗದ್ದಲದಲ್ಲಿ ಹಿಂದಿನ ಮಾತು ಮುಂದಕ್ಕೆ ಕೇಳುತ್ತಿರಲಿಲ್ಲ.

"ಅಪ್ಪಾ, ನಿಮಗೆ ನಿಜವಾಗ್ಲೂ ನೆನಪಿಲ್ವಾ?"

ಅಪ್ಪ ಹೊರಗೆ ನೋಡುತ್ತಿದ್ದರು. ತಿರುಗದೆಯೇ, "ನೆನಪಿದೆ," ಎಂದರು.

"ಮತ್ತೆ?"

"ಮತ್ತೆ ಏನ್ ಮಾಡ್ಲಿ? ಮಗಳ ಕೆನ್ನೆಗೆ ಹೊಡೆದೆ ಅಂತ ಕ್ಯಾಮೆರಾ ಮುಂದೆ ಹೇಳ್ಲಾ? ಚಪ್ಪಾಳೆ ಅಂದ್ರೆ ಎಲ್ರಿಗೂ ಚೆಂದ. ಅವನ ಹೊಟ್ಟೆಪಾಡು ಅದು." ಅಂಗಿಯ ಮಡಿಕೆ ಸರಿಮಾಡಿಕೊಂಡರು. "ನಿಂಗೆ ಅಂಗಡಿ ಇದೆ, ಸಂಸಾರ ಇದೆ. ಅವನು ಹೇಳ್ಕೊಂಡ್ರೆ ನಿಂದೇನು ಹೋಗುತ್ತೆ?"

ಏನು ಹೋಗುತ್ತದೆ ಎಂದು ಅಕ್ಕನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೋದದ್ದು ಮಾತ್ರ ಗೊತ್ತಿತ್ತು.

ಶೋದ ವಿಡಿಯೊ ಎಲ್ಲ ಕಡೆ ಓಡಾಡಿತು. ಅದರಲ್ಲೂ ಕೆನ್ನೆಗೆ ತಟ್ಟಿದ ಮಾತಿನ ತುಂಡು. ಜನ ಅದನ್ನು ಅವರವರ ಅಕ್ಕಂದಿರಿಗೆ ಕಳಿಸಿಕೊಂಡು ನಗುತ್ತಿದ್ದರು. ಕನ್ನಡಕದ ಅಂಗಡಿಗೆ ಬಂದವರು ಎತ್ತರದ ಕುರ್ಚಿಯಲ್ಲಿ ಕೂತು ಅವಳ ಮುಖವನ್ನೇ ದಿಟ್ಟಿಸುತ್ತಿದ್ದರು.

"ನೀವು ಗೇಮಣ್ಣನ ಅಕ್ಕ ಅಲ್ವಾ? ಏನ್ ತಮಾಷೆ ಮಾಡ್ತೀರಿ ಮೇಡಂ ನೀವು! ತಮ್ಮ ಅಂದ್ರೆ ಹಾಗಿರ್ಬೇಕು ನೋಡಿ. ಜ್ವರದಲ್ಲೂ ಎದ್ದು ಕೂತು ಅಕ್ಕನಿಗೆ ಕಲಿಸಿದ್ದಾರೆ."

"ಗಲ್ಲ ಇಲ್ಲಿಡಿ," ಎನ್ನುತ್ತಿದ್ದಳು ಅಕ್ಕ, ಕಣ್ಣು ನೋಡುವ ಮೆಷಿನ್ನು ಮುಂದಕ್ಕೆಳೆದು. "ಅಲ್ಲಾಡಬೇಡಿ."

ಮೊದಮೊದಲು ಕೆಲವರಿಗೆ ಅವಳು ತಿದ್ದಿ ಹೇಳಿದಳು. ಅವರು ಮತ್ತೆ ನಕ್ಕರು. ಆಮೇಲೆ ಬಿಟ್ಟಳು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ, ಕಷ್ಟ ಬಂದಾಗ, ಅಮ್ಮ ತೀರಿಕೊಂಡ ವರ್ಷ ಕೂಡ, ಅವಳು ಆ ಮೂಕ ಮಧ್ಯಾಹ್ನವನ್ನು ನೆನೆಸಿಕೊಳ್ಳುತ್ತಿದ್ದಳು. ಅಂಗೈ ಬಾಯಿಗೆ ಒತ್ತಿಕೊಂಡು ಕುಣಿದ ಹುಡುಗಿಯನ್ನು. ಈಗ ನೆನೆಸಿಕೊಂಡರೆ ಬಾಗಿಲು ತೆರೆದ ತಕ್ಷಣ ತುತ್ತೂರಿ, ಡೋಲು ಶುರುವಾಗುತ್ತಿದ್ದವು. ಹುಡುಗಿ ಮೈಕಿನ ಮುಂದೆ ನಿಂತಿರುತ್ತಿದ್ದಳು. ಎಷ್ಟು ತಡವಿದರೂ ಆ ಹಾಡನ್ನು ಅಲ್ಲಿಂದ ಕೀಳಲು ಆಗುತ್ತಿರಲಿಲ್ಲ. ಹಳೇ ಆಟಗಳನ್ನು ನೆನೆದು ಅಳುವ ಅಷ್ಟೊಂದು ಜನರಿಗೆ ಅವರವರ ಬಾಲ್ಯವನ್ನು ತಮ್ಮ ವಾಪಸ್ ಕೊಡುತ್ತಿದ್ದ. ಅವಳದ್ದನ್ನು ಮಾತ್ರ ತೆಗೆದುಕೊಂಡಿದ್ದ.

ಕಡೆಗೊಂದು ದಿನ ಅವಳು ಅವನಿಗೆ ಫೋನು ಮಾಡಿ ಹೇಳಿದಳು: "ನೀನು ಜನಕ್ಕೆ ಏನಾದ್ರೂ ಹೇಳ್ಕೋ. ನಂಗೆ ಬೇಡ. ನನ್ನ ಮಗಳಿಗೊಬ್ಬಳಿಗೆ ಬಂದು ನಿಜ ಹೇಳು. ಕ್ಯಾಮೆರಾ ತರಬೇಡ."

"ಅಷ್ಟೇ ತಾನೇ?" ಎಂದ ತಮ್ಮ, ಹಗುರಾದ ಧ್ವನಿಯಲ್ಲಿ.

ರಜೆಯ ದಿನ ಬೆಳಿಗ್ಗೆ ಬಂದ. ಮಗಳಿಗೆ ಇಷ್ಟದ ಚಾಕೊಲೇಟು ತಂದಿದ್ದ. ಸೋಫಾದಲ್ಲಿ ಕೂತು ಅವಳ ಜಡೆ ಎಳೆದ, ಕಾಲೇಜಿನ ಕತೆ ಕೇಳಿದ, ಹಳೇ ಪ್ರಾಂಶುಪಾಲರೊಬ್ಬರ ಧ್ವನಿ ಅನುಕರಿಸಿ ನಗಿಸಿದ. ಅಕ್ಕ ಟೀ ಇಟ್ಟು ಎದುರಿಗೆ ಕೂತಳು.

ತಮ್ಮ ಗಂಟಲು ಸರಿಮಾಡಿಕೊಂಡ. ಮಗಳ ಕಡೆ ತಿರುಗಿ, ಕೈ ಜೋಡಿಸಿ, ನಾಟಕದ ರಾಜನ ಹಾಗೆ ತಲೆಬಾಗಿ ಹೇಳಿದ: "ಕೇಳಿಸ್ಕೋ ಮಗಳೇ. ಆವತ್ತು ಗೆದ್ದಿದ್ದು ನಿಮ್ಮಮ್ಮ. ನಾನು ಮಲಗಿದ್ದೆ. ಲಾಟೀನು ಆರಿಸಿದ್ದು ನಿಮ್ಮಮ್ಮನೇ. ಆಯ್ತಾ?" ಹೇಳಿ, ಅಕ್ಕ ಟೀ ಲೋಟ ಎತ್ತಿಕೊಳ್ಳಲು ಬಗ್ಗಿದ ಹೊತ್ತು ನೋಡಿ, ಮಗಳಿಗೆ ಕಣ್ಣು ಮಿಟುಕಿಸಿದ. ಅಮ್ಮನ ಹಟ, ನಾವಿಬ್ಬರೂ ಹೂಂ ಅಂದುಬಿಡೋಣ ಎನ್ನುವ ಹಾಗೆ.

ಅಕ್ಕನಿಗೆ ಅದು ಕಾಣಿಸಿತು.

ಮಗಳು ನಗುತ್ತಾಳೆ ಎಂದು ತಮ್ಮ ಕಾಯುತ್ತಿದ್ದ. ಅವಳು ನಗಲಿಲ್ಲ. ಮಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಮಾವ, ಕಣ್ಣು ಯಾಕೆ ಮಿಟುಕಿಸಿದ್ರಿ?"

"ಆಂ? ಏನಿಲ್ಲಮ್ಮ, ಕಣ್ಣಿಗೇನೋ ಬಿತ್ತು."

"ನೀವು ಮಲಗಿದ್ರಾ, ಇಲ್ವಾ?"

"ಹೇಳಿದ್ನಲ್ಲ, ಮಲಗಿದ್ದೆ ಅಂತ."

"ಮತ್ತೆ ಕಣ್ಣು ಯಾಕೆ?"

ತಮ್ಮ ಅಕ್ಕನ ಕಡೆ ನೋಡಿದ. ಅಂಗಡಿ ಜಗುಲಿಯ ಮೇಲೆ ಆವತ್ತು ನೋಡಿದ್ದನಲ್ಲ, ಅದೇ ನೋಟ. ಈಗ ಅವನ ಕೆನ್ನೆಗಳು ಇಳಿದಿದ್ದವು, ಗಡ್ಡದಲ್ಲಿ ಬಿಳಿ ಇತ್ತು. ಈ ಸಲ ಅಕ್ಕ ಎದ್ದು ಹೋಗಲಿಲ್ಲ. ಅವನು ವಾಚು ನೋಡಿಕೊಂಡ. ಯಾರೋ ಕಾಯುತ್ತಿದ್ದಾರೆ ಎಂದ. ಟೀಯನ್ನು ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಎಂದಿನಂತೆ ಶಿಳ್ಳೆ ಹಾಕಲಿಲ್ಲ.

ಅಲ್ಲಿಂದಾಚೆ ಮಗಳು ಮಾವನ ವಿಡಿಯೊ ನೋಡುವುದನ್ನು ಬಿಟ್ಟಳು. ಅಕ್ಕ ಬಿಡು ಎಂದು ಹೇಳಿರಲಿಲ್ಲ, ನೋಡು ಎಂದೂ ಹೇಳಲಿಲ್ಲ. ಸಂಜೆ ಅಡುಗೆಮನೆಯ ಕಟ್ಟೆ ಖಾಲಿಯಿರುತ್ತಿತ್ತು. ಮಗಳು ತನ್ನ ಕೋಣೆಯಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಓದುತ್ತಿದ್ದಳು. ಗೆಳತಿಯರು ಗೇಮಣ್ಣನ ಬಗ್ಗೆ ಕೇಳಿದರೆ, "ದೂರದ ಸಂಬಂಧ" ಎಂದು ಹೇಳುತ್ತಿದ್ದಳಂತೆ.

ಒಂದು ಸಂಜೆ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಾಗ ಮಗಳ ಫೋನು ಹೊಡೆದುಕೊಂಡಿತು. ಮಾವನ ಹೆಸರು. ಮಗಳು ಅದನ್ನು ತಾಯಿಯ ಕಡೆ ತಳ್ಳಿದಳು. "ನೀನೇ ಮಾತಾಡು."

"ನಿಂಗೆ ಮಾಡಿದ್ದು."

ಇಬ್ಬರೂ ಎತ್ತಲಿಲ್ಲ. ಹೊಡೆದುಕೊಂಡು ಹೊಡೆದುಕೊಂಡು ಅದು ತಾನಾಗಿಯೇ ನಿಂತಿತು.

"ಅಮ್ಮಾ," ಎಂದಳು ಮಗಳು, ಮಡಚಿದ ಬಟ್ಟೆ ಪಕ್ಕಕ್ಕಿಡುತ್ತಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳ್ದೇ ಇದ್ದಿದ್ರೇ ಚೆನ್ನಾಗಿರ್ತಿತ್ತು."

ಅಕ್ಕ ಕೈಯಲ್ಲಿದ್ದ ದುಪ್ಪಟಿಯ ಒಂದು ತುದಿಯನ್ನು ಅವಳಿಗೆ ಕೊಟ್ಟಳು. ಇಬ್ಬರೂ ಎದ್ದು ನಿಂತು, ಎರಡೂ ಕಡೆ ಎಳೆದು ಬಿಗಿಮಾಡಿ, ಮಡಚಿದರು.